ಲಾರಿ ಮಾಮನ ಮೇಲ್ಮನವಿ

ನಮ್ಮ ಬೀದಿಯ ಲಾರಿ ಮಾಮನನ್ನು ಯಾರೇ ‘ಹೇಗಿದ್ದೀರಿ’ ಎಂದು ಕೇಳಲಿ, ಬರುವ ಉತ್ತರ ಒಂದೇ: ‘ಫಸ್ಟ್ ಕ್ಲಾಸ್!’ ಹಾಸಿಗೆಯಿಂದ ಏಳಲಾರದೆ ಹಲ್ಲು ಕಚ್ಚಿ ಮಲಗಿದ ದಿನವೂ ಅದೇ ಫಸ್ಟ್ ಕ್ಲಾಸ್. ಈ ಒಂದು ಮಾತು ಅವರ ಹೆಂಡತಿಯ ನಿದ್ದೆ ಕೆಡಿಸಿದ್ದು ಹೇಗೆಂದು ಹೇಳುತ್ತೇನೆ, ಕೇಳಿ.

ಮಾಮ ಸೈನ್ಯದಲ್ಲಿ ಲಾರಿ ಓಡಿಸಿದವರು. ಗುಡ್ಡದ ದಾರಿಯಲ್ಲಿ ಒಮ್ಮೆ ಗಾಡಿ ಉರುಳಿತು. ಕಿಟಕಿಯಿಂದ ತೆವಳಿ ಹೊರಬಂದವರೇ ಮೈ ಕೊಡವಿಕೊಂಡು, ಇನ್ನೊಂದು ಲಾರಿ ಹತ್ತಿ, ಹೊರಟಿದ್ದ ಗಾಡಿಗಳ ಸಾಲನ್ನು ಸೇರಿಕೊಂಡರು. ಅಲ್ಲಿನ ರೀತಿಯೇ ಹಾಗಂತೆ. ಗಾಡಿಯ ಕೆಡುಕು ಮುಚ್ಚಿಟ್ಟ ಡ್ರೈವರಿಗೆ ಶಿಕ್ಷೆ. ಮೈಯ ಕೆಡುಕು ಹೇಳಿಕೊಂಡವನಿಗೆ ‘ಏನು ರಾಜಕುಮಾರ, ತೊಟ್ಟಿಲು ಕಟ್ಟೋಣ್ವಾ?’ ಎಂಬ ಗೇಲಿ.

ಅಂದು ಕೊಡವಿ ಬಿಟ್ಟ ಬೆನ್ನು ವಯಸ್ಸಾದ ಮೇಲೆ ಹಗೆ ತೀರಿಸಿಕೊಳ್ಳಲು ಬಂತು. ಮೂಳೆ ಸರಿದು ನರವನ್ನು ಒತ್ತುತ್ತಿದೆ, ಬೇಗ ಆಪರೇಷನ್ ಆಗದಿದ್ದರೆ ಕಾಲೇ ಹೋದೀತು ಎಂದರು ಡಾಕ್ಟರು. ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಮಾಡುತ್ತಾರೆ. ಆದರೆ ಈ ನೋವು ನೌಕರಿಯಿಂದಲೇ ಬಂದದ್ದೆಂದು ಇಲಾಖೆ ಒಪ್ಪಬೇಕು. ಹೊರಗೆ ಮಾಡಿಸುವುದೆಂದರೆ ಕನಸಿನ ಮಾತು. ಮನೆ ನಡೆಯುತ್ತಿದ್ದದ್ದು ಹೆಂಡತಿಯ ಹೊಲಿಗೆ ಮಿಷನ್ನಿನ ಮೇಲೆ. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು. ಬೀದಿಗೆಲ್ಲ ಆಕೆ ಹೊಲಿಗೆಯಮ್ಮ.

ಮುಂದಿನ ಕೋಣೆಯಲ್ಲಿ ಮಿಷನ್ನು, ಅದಕ್ಕೆ ತಾಗಿಕೊಂಡೇ ಮಾಮನ ಮಂಚ. ಬೆಳಿಗ್ಗೆ ಅವರನ್ನು ಎಬ್ಬಿಸುವುದೇ ಒಂದು ಕಸುಬು. ಕೆಳಗಿಳಿಸಿದ ಪಾದಗಳಿಗೆ ಹೊಲಿಗೆಯಮ್ಮ ತನ್ನ ಪಾದ ಅಡ್ಡ ಕೊಟ್ಟು, ಕೈ ಎರಡೂ ಹಿಡಿದು, ಉಸಿರು ಬಿಗಿಹಿಡಿದು ಎಳೆಯಬೇಕು. ಎದ್ದು ನಿಂತ ಮಾಮ ಬೆವರು ಒರೆಸಿಕೊಂಡು ಏನನ್ನುತ್ತಿದ್ದರೆಂದು ನಿಮಗೆ ಗೊತ್ತೇ ಇದೆ.

ಮೊದಲ ಅರ್ಜಿಯ ತಪಾಸಣೆಯಲ್ಲಿ ಹೊಲಿಗೆಯಮ್ಮನನ್ನು ಹೊರಗೇ ಕೂರಿಸಿದ್ದರು. ಒಳಗೆ ಸೈನ್ಯದ ಡಾಕ್ಟರು, ಒಬ್ಬ ಮೇಜರ್, ಬರೆಯುತ್ತ ಬರೆಯುತ್ತ ಪೆನ್ನು ಬೀಳಿಸಿದರು. ಮಾಮ ಚಕ್ಕನೆ ಬಗ್ಗಿ ಎತ್ತಿಕೊಟ್ಟರು. ನೋವಿದೆಯೇ ಎಂದರೆ ‘ಇಲ್ಲ ಸಾರ್’ ಎಂದರು. ಆಮೇಲೆ ಹೊರಗಿನ ಬೆಂಚಿನಿಂದ ಏಳಲಾಗದೆ, ಬಟ್ಟೆ ಅಂಗಡಿಯವನ ತಳ್ಳುಗಾಡಿಯಲ್ಲಿ ಮಲಗಿ ಮನೆಗೆ ಬಂದರು. ಅದು ಆದೇಶದಲ್ಲಿ ಬರಲಿಲ್ಲ. ಬಂದದ್ದು ಇಷ್ಟು: ‘ಅರ್ಜಿದಾರರು ಸಲೀಸಾಗಿ ಬಾಗಿದರು. ನೋವಿಲ್ಲವೆಂದು ತಾವೇ ತಿಳಿಸಿದರು. ಅರ್ಜಿ ತಿರಸ್ಕೃತ.’

“ಆ ಪೆನ್ನು ಯಾಕ್ರೀ ಎತ್ತೋಕೆ ಹೋದ್ರಿ?” ಹೊಲಿಗೆಯಮ್ಮ ತಲೆ ಚಚ್ಚಿಕೊಂಡಳು.

“ಮೇಜರ್ ಸಾಹೇಬ್ರ ಪೆನ್ನು ಕಣೇ. ಬಿದ್ದಿರ್ಲಿ ಅಂತ ನೋಡ್ತಾ ಕೂರೋಕಾಗುತ್ತಾ?”

ಹೊಲಿಗೆಯಮ್ಮನ ಅಕ್ಕ ಬಾಯಿ ಹಾಕಿದಳು. “ನಿನ್ ಗಂಡ ಸತ್ ದಿನಾನೂ ಎದ್ದು ಕೂತು ‘ಫಸ್ಟ್ ಕ್ಲಾಸ್’ ಅಂತಾರೆ, ನೋಡ್ತಿರು.”

“ಬಿಡ್ತು ಅನ್ನೇ, ಅಕ್ಕಾ!”

ಉಳಿದದ್ದು ಮೇಲ್ಮನವಿ ಮಂಡಳಿ. ಅದರ ಮೇಲೂ ಒಂದು ಕೋರ್ಟಿದೆ, ಆದರೆ ಅಲ್ಲಿಗೆ ಸರದಿ ಬರುವ ತನಕ ಕಾಲು ಕಾಯುವುದಿಲ್ಲ ಎಂದಳು ಅವರ ಅರ್ಜಿ ನೋಡಿಕೊಳ್ಳುತ್ತಿದ್ದ ವಕೀಲೆ. ಆ ಮಾತು ಕೇಳಿದಂದಿನಿಂದ ಹೊಲಿಗೆಯಮ್ಮನ ಕೈ ತಪ್ಪತೊಡಗಿತು. ಯಾರದೋ ಅಂಗಿಯ ತೋಳನ್ನು ಒಳಹೊರಗು ಮಾಡಿ ಹೊಲಿದಳು. ಸಂಜೆ ಮಿಷನ್ನು ಮುಚ್ಚಿ ಗಂಡನಿಗೆ ಪಾಠ ಶುರು. ಅಕ್ಕನೇ ನ್ಯಾಯಾಧೀಶೆ, ಕೊರಳಿಗೆ ಅಳತೆ ಟೇಪು, ಕೈಯಲ್ಲಿ ಕತ್ತರಿ.

“ನೋವಿದೆಯೇನ್ರೀ?”

“ಇದೆ... ಅಷ್ಟೇನಿಲ್ಲ ಬಿಡಿ.”

“ಅಷ್ಟೇನಿಲ್ವಾ? ಅರ್ಜಿ ವಜಾ!” ಅಕ್ಕ ಕತ್ತರಿಯಿಂದ ಮೇಜು ಕುಟ್ಟುವಳು. ಮಾಮನಿಗೆ ನಗು. ಹೊಲಿಗೆಯಮ್ಮ ಮಾತ್ರ ನಗದೆ ‘ಇನ್ನೊಂದ್ಸಲ’ ಎನ್ನುತ್ತಿದ್ದಳು.

ವಿಚಾರಣೆಯ ದಿನ ಬಂತು. ಉದ್ದನೆಯ ಮೇಜು, ಮೇಲೆ ನೀರಿನ ಬಾಟಲಿಗಳು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ಅಧ್ಯಕ್ಷೆ, ಒಬ್ಬ ಡಾಕ್ಟರು, ಸೈನ್ಯದಿಂದ ನಿವೃತ್ತರಾದ ಒಬ್ಬ ಅಧಿಕಾರಿ ಒಳಗೆ ಬಂದರು. ಅಧಿಕಾರಿಯ ಬೂಟಿನ ಸದ್ದಿಗೇ ಮಾಮನ ಕೈಗಳು ಕುರ್ಚಿಯನ್ನು ಅದುಮಿ ಮೇಲೇಳಹೊರಟವು. ಹೊಲಿಗೆಯಮ್ಮ ಅಂಗಿಯ ಚುಂಗು ಹಿಡಿದು ಜಗ್ಗಿದಳು. ಮಾಮ ಕೂತರು. ಕದ್ದು ಸಿಕ್ಕಿಬಿದ್ದವರಂತೆ ಅವರ ಕಿವಿ ಕೆಂಪಾಯಿತು.

“ಹೇಗಿದ್ದೀರಿ?” ಅಧ್ಯಕ್ಷೆ ಕೇಳಿದರು.

“ಫಸ್ಟ್ ಕ್ಲಾಸ್, ಮೇಡಂ!”

ವಕೀಲೆ ಕಣ್ಣು ಮುಚ್ಚಿಕೊಂಡಳು. ಡಾಕ್ಟರು ಏನೋ ಗೀಚಿಕೊಂಡರು.

“ಬೆನ್ನು?” ಡಾಕ್ಟರು ಕೇಳಿದರು.

“ಸ್ವಲ್ಪ, ಸಾರ್. ಅಭ್ಯಾಸ ಆಗಿದೆ.”

“ಅಂದ್ಮೇಲೆ ಹಿಂದಿನ ವರದಿ ಸರಿಯಾಗೇ ಇದೆ ಅಂತಾಯ್ತು.”

“ಹೌದು, ಸಾರ್.”

ದೊಡ್ಡವರು ಹೇಳಿದ ಮೇಲೆ ‘ಹೌದು ಸಾರ್’ ಅನ್ನದೆ ಆ ಬಾಯಿಗೆ ಬೇರೆ ಗೊತ್ತಿರಲಿಲ್ಲ. ಹೊಲಿಗೆಯಮ್ಮ ಎದ್ದು ನಿಂತಳು.

“ಅಮ್ಮಾ, ನಿಮ್ಮನ್ನ ಕೇಳಿಲ್ಲ,” ಎಂದರು ಅಧ್ಯಕ್ಷೆ.

“ಒಂದೇ ಮಾತು, ತಾಯಿ. ಇವ್ರು ಮೈ ವಿಷಯದಲ್ಲಿ ಬರೀ ಸುಳ್ಳು ಹೇಳ್ತಾರೆ. ಗಾಡಿ ವಿಷಯದಲ್ಲಿ ತಲೆ ಹೋದ್ರೂ ಸುಳ್ಳು ಹೇಳಲ್ಲ. ಇವರನ್ನೇ ಒಂದು ಗಾಡಿ ಅಂದ್ಕೊಂಡು ಕೇಳಿ ನೋಡಿ.”

ಅಧ್ಯಕ್ಷೆ ಪಕ್ಕಕ್ಕೆ ನೋಡಿದರು. ನಿವೃತ್ತ ಅಧಿಕಾರಿ ಗಂಟಲು ಸರಿಮಾಡಿಕೊಂಡು, ಹಳೆಯ ಗಡಸು ದನಿ ತೆಗೆದರು. “ಡ್ರೈವರ್! ಈ ಗಾಡಿ ರಸ್ತೆಗೆ ಬಿಡಬಹುದಾ? ವರದಿ ಕೊಡು.”

ಮಾಮನ ಬೆನ್ನು ನೆಟ್ಟಗಾಯಿತು, ನೋಟ ಎದುರಿನ ಗೋಡೆಗೆ ನಾಟಿತು.

“ಬಿಡೋ ಹಾಗಿಲ್ಲ, ಸಾರ್. ಹಿಂದಿನ ಅಚ್ಚು ಬಾಗಿದೆ. ಬೆಳಿಗ್ಗೆ ತಾನಾಗಿ ಸ್ಟಾರ್ಟ್ ಆಗಲ್ಲ, ಇನ್ನೊಬ್ರು ಎಳೀಬೇಕು. ಏರು ಹತ್ತಲ್ಲ. ಒಂದ್ಸಲ ಬಗ್ಗಿದ್ರೆ ನಾಕು ದಿನ ಶೆಡ್ಡಲ್ಲೇ.”

“ಯಾವಾಗಿನಿಂದ?”

“ಗುಡ್ಡದ ತಿರುವಲ್ಲಿ ಉರುಳಿದಾಗಿನಿಂದ, ಸಾರ್. ಲಾರೀನ ರಿಪೇರಿಗೆ ಕಳಿಸಿದ್ರು. ನಾನು ಹೋಗ್ಲಿಲ್ಲ.”

ವಕೀಲೆ ತಟ್ಟನೆ ಎದ್ದು, ಆ ಲಾರಿಯ ರಿಪೇರಿ ದಾಖಲೆ ಇಲಾಖೆಯಲ್ಲೇ ಇದೆ, ಪ್ರತಿಯನ್ನು ಅರ್ಜಿಯ ಜೊತೆ ಕೊಟ್ಟಿದ್ದೇವೆ ಎಂದಳು. ಡಾಕ್ಟರು ಹಾಳೆ ಮಗುಚತೊಡಗಿದರು.

“ಮತ್ತೇನಾದ್ರೂ ಇದೆಯಾ?” ಅಧಿಕಾರಿಯ ದನಿ ಈಗ ಮೆತ್ತಗಿತ್ತು.

ಮಾಮ ಹೆಂಡತಿಯತ್ತ ಒಮ್ಮೆ ಕಣ್ಣು ಹಾಯಿಸಿ, ಮತ್ತೆ ಗೋಡೆಯತ್ತ ತಿರುಗಿದರು. “ಎಡಗಡೆ ಚಕ್ರ... ಎಡಪಾದ ಗೊತ್ತೇ ಆಗ್ತಿಲ್ಲ, ಸಾರ್. ಈಚೆಗೆ. ಚಪ್ಪಲಿ ಕಳಚಿ ಹೋದ್ರೂ ತಿಳಿಯಲ್ಲ. ಮನೇಲಿ ಹೇಳಿಲ್ಲ.”

ಡಾಕ್ಟರ ಕೈ ಹಾಳೆಯ ಮೇಲೆ ನಿಂತಿತು. ಮೂವರೂ ತಲೆ ಕೂಡಿಸಿ ಪಿಸುಗುಟ್ಟಿ, ಗಂಡಹೆಂಡಿರನ್ನು ಹೊರಗೆ ಕಾಯಲು ಹೇಳಿದರು.

ಪಡಸಾಲೆಯ ಬೆಂಚಿನಲ್ಲಿ ಹೊಲಿಗೆಯಮ್ಮ ಗಂಡನತ್ತ ತಿರುಗಲೇ ಇಲ್ಲ. ಕೊನೆಗೆ, “ನನಗ್ಯಾಕೆ ಹೇಳ್ಲಿಲ್ಲ?” ಎಂದಳು.

“ನೀನು ಹೆದರ್ಕೋತೀಯ ಅಂತ.”

“ಈಗೇನು ಕುಣೀತಾ ಇದ್ದೀನಾ?”

ಬಾಗಿಲು ತೆರೆದು ವಕೀಲೆ ಓಡೋಡಿ ಬಂದಳು. “ಹಿಂದಿನ ಆದೇಶ ರದ್ದು! ಪೆಟ್ಟು ನೌಕರಿಯಲ್ಲೇ ಆದದ್ದು ಅಂತ ಒಪ್ಪಿದ್ದಾರೆ. ತಡ ಮಾಡ್ಬೇಡಿ, ನಾಳೇನೇ ಆಸ್ಪತ್ರೆಗೆ ಸೇರಿಸಿ ಅಂತ ಡಾಕ್ಟರೇ ಬರೆದುಕೊಟ್ರು. ಗೆದ್ವಿ, ಅಮ್ಮಾ!”

ಹೊಲಿಗೆಯಮ್ಮನ ಕಿವಿಗೆ ‘ತಡ ಮಾಡ್ಬೇಡಿ’ ಎಂಬುದಷ್ಟೇ ಬಿದ್ದಿತ್ತು. ಆಗಲೇ ನೆಲದ ಮೇಲೆ ಕೂತು ಗಂಡನ ಎಡಗಾಲಿನ ಬೂಟು ಬಿಚ್ಚಿ, ಕಾಲುಚೀಲ ಕಿತ್ತೆಸೆದು, ಹೆಬ್ಬೆರಳನ್ನು ಉಗುರಿನಿಂದ ಚಿವುಟುತ್ತಿದ್ದಳು.

“ಇಲ್ಲಿ? ಇಲ್ಲಿ ತಿಳಿಯುತ್ತಾ?”

ಮಾಮ ಬಾಯಿ ತೆರೆದರು, ಮುಚ್ಚಿದರು. ಹೆಂಡತಿಯ ನೆತ್ತಿಯನ್ನೇ ನೋಡುತ್ತ ಹೇಳಿದರು:

“ಇಲ್ಲ.”

ಅವಳು ಪಕ್ಕದ ಬೆರಳು ಹಿಡಿದಳು.