ಗೌರಮ್ಮನ ಕೊಟ್ಟಿಗೆಯ ಹಾಲು

ಪೀಣ್ಯದ ನೆತ್ತಿಯ ಮೇಲೆ ಮೆಟ್ರೊ ಓಡುವುದಕ್ಕೂ ಮೊದಲಿನ ಮಾತು. ಆಗ ಚಿಕ್ಕಬಾಣಾವರದಲ್ಲಿ ಕಾರ್ಖಾನೆಯ ಸೈರನ್ನಿಗಿಂತ ಮುಂಚೆ ಕೋಳಿ ಕೂಗುತ್ತಿತ್ತು, ಕೋಳಿಗಿಂತ ಮುಂಚೆ ನಮ್ಮವ್ವ ಏಳುತ್ತಿದ್ದಳು. ಅಪ್ಪನಿಗೆ ಪೀಣ್ಯದ ಲೇತ್ ಶಾಪಿನಲ್ಲಿ ಕೆಲಸ ಸಿಕ್ಕಿ, ನಾವು ಕೊಪ್ಪಳದ ಕಡೆಯಿಂದ ಬಂದು ಒಂದು ಶೀಟಿನ ಮನೆ ಹಿಡಿದಿದ್ದೆವು. ಅವ್ವನ ಮಾತು ಕೇಳಿ ಅಂಗಡಿಯವರು ನಗುತ್ತಿದ್ದರು. ಹಿಂದಿನ ಬೀದಿಯ ಗೌರಮ್ಮನ ಕೊಟ್ಟಿಗೆಯಲ್ಲಿ ಮಾತ್ರ ಯಾರೂ ನಗುತ್ತಿರಲಿಲ್ಲ. ಅಲ್ಲಿ ಹಾಲು ಕರೆಯುವಷ್ಟು ಹೊತ್ತೂ ಅವರಿಬ್ಬರೂ ಮಾತಾಡಿದ್ದೇ ಮಾತಾಡಿದ್ದು.

ನಾನೋ ಕಾಲಿಗೆ ಚಕ್ರ ಕಟ್ಟಿಕೊಂಡವಳು. ಗಂಜಲ, ಬೂಸಾ, ನೊರೆಹಾಲಿನ ವಾಸನೆಯ ನಡುವೆ ಅತ್ತಿಂದಿತ್ತ ಸುಳಿಯುತ್ತಿದ್ದರೆ ಗೌರಮ್ಮನ ಅತ್ತೆ ಗದರುತ್ತಿದ್ದರು: "ಏಯ್, ಒಂದ್ಕಡೆ ನಿಂತ್ಕಳೇ, ಅಸ ಬೆದರ್ತದೆ!"

ಒಂದು ಮಳೆಗಾಲದಲ್ಲಿ ಆ ಹಸು ಕರು ಹಾಕಿತು. ಗೌರಮ್ಮ ನಮಗೂ ಒಂದು ಚೊಂಬು ಗಿಣ್ಣುಹಾಲು ಕೊಟ್ಟರು. ಅವ್ವ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದಳು. ಆರುವ ತನಕ ಕಾಯಲಾರದೆ ನಾನು ನಾಲಿಗೆ ಸುಟ್ಟುಕೊಂಡೆ. ಆಮೇಲೆ ಅವ್ವ ಚೊಂಬನ್ನು ಬೂದಿ ಹಾಕಿ ಫಳಫಳ ಬೆಳಗಿ, ಒರೆಸಿ, ವಾಪಸ್ ಕೊಟ್ಟು ಬಂದಳು. ಗಿಣ್ಣು ಕೊಟ್ಟ ಪಾತ್ರೆಯನ್ನು ಬರಿದಾಗಿ ಕೊಡಬಾರದು, ಒಂದಿಷ್ಟು ಅಕ್ಕಿಯನ್ನೋ ಬೆಲ್ಲವನ್ನೋ ಹಾಕಿ ಕೊಡಬೇಕು ಎಂಬುದು ಎಂದೂ ದನ ಕಟ್ಟದ ಮನೆಯವಳಿಗೆ ಹೇಗೆ ಗೊತ್ತಿರಬೇಕು? ಅದೇ ಸಂಜೆ ಹಸು ಒದ್ದು ಹಾಲೆಲ್ಲ ಚೆಲ್ಲಿತು. ಅತ್ತೆಗೆ ಅಷ್ಟು ಸಾಕಾಯಿತು.

"ಬರೀ ಚೊಂಬು ತಂದಿಟ್ಟವ್ಳೆ! ನಮ್ ಕೊಟ್ಗೆ ಬರಿದಾಗ್ಲಿ ಅಂತಾನಾ? ಇನ್ಮೇಲೆ ಅವ್ಳು ಇಲ್ಲಿಗ್ ಬರೋದ್ ಬ್ಯಾಡ."

"ಅವ್ರಿಗೆ ಗೊತ್ತಿಲ್ಲ ಬುಡಿ ಅತ್ತೆ" ಎಂದ ಗೌರಮ್ಮನ ಮಾತು ನಡೆಯಲಿಲ್ಲ.

ಮನೆಗೆ ಪ್ಯಾಕೆಟ್ ಹಾಲು ಬಂತು, ಚಹಾಕ್ಕೇನೂ ಕೊರತೆಯಾಗಲಿಲ್ಲ. ಆದರೆ ಹಾಲು ಕರೆಯುವ ಹೊತ್ತಾದರೆ ಅವ್ವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗುಡಿಸಿದ ನೆಲವನ್ನೇ ಮತ್ತೆ ಗುಡಿಸುತ್ತಿದ್ದಳು. ಏನಾಯಿತು ಎಂದು ಅಪ್ಪ ಕೇಳಿದರೆ "ಏನಿಲ್ರಿ" ಎನ್ನುವಳು. ಕರು ನೋಡಲಾಗದೆ ನನಗೂ ಚಡಪಡಿಕೆ.

ಕೊನೆಗೊಂದು ಬೆಳಿಗ್ಗೆ ಅವ್ವ ರೈಲು ಹಳಿಯ ಪಕ್ಕದ ಖಾಲಿ ಸೈಟಿನಲ್ಲಿ ಹಸಿಹುಲ್ಲು ಕುಯ್ದು, ಸೆರಗಿಗೆ ಬೆಲ್ಲ ಕಟ್ಟಿಕೊಂಡು, ನನ್ನನ್ನೂ ಎಳೆದುಕೊಂಡು ಹೊರಟಳು. ಕೊಟ್ಟಿಗೆಯ ಬಾಗಿಲಲ್ಲಿ ಅತ್ತೆಯೇ ನಿಂತಿದ್ದರು.

"ಅಮ್ಮಾರ, ನನಗ ತಿಳೀಲಿಲ್ರಿ. ಹಾಲು ಕೊಡ್ಲಿಲ್ಲಂದ್ರೂ ನಡೀತದ. ಬರಬ್ಯಾಡ ಅಂತ ಮಾತ್ರ ಅನಬ್ಯಾಡ್ರಿ. ಈ ಊರಾಗ ನನಗ ಇದೊಂದ ಮನಿ." ಹೇಳುತ್ತಲೇ ಅವ್ವ ಅತ್ತುಬಿಟ್ಟಳು.

ಅತ್ತೆ ಅವಳನ್ನೇ ನೋಡಿದರು. "ಉಲ್ಲು ಅಲ್ಲಾಕು. ನಿಂತ್ಕಂಡ್ ಯಾಕಳ್ತೀಯಾ? ಕುಂತ್ಕಂಡ್ ಮಾತಾಡು" ಎಂದು ದಾರಿ ಬಿಟ್ಟರು. ನಾನು ಒಂದೇ ಓಟಕ್ಕೆ ಕರುವಿನ ಹತ್ತಿರ ಹೋದೆ.

ಆ ಕೊಟ್ಟಿಗೆಯ ಜಾಗದಲ್ಲೀಗ ಪಿಜಿ ಕಟ್ಟಡ. ಅವ್ವ ಮಾರತ್ತಹಳ್ಳಿಯಲ್ಲಿ ನನ್ನ ಜೊತೆಗಿದ್ದಾಳೆ. ಮೊಬೈಲಿನಲ್ಲಿ ಒತ್ತಿದರೆ ಸಾಕು, ಬೆಳಗಾಗುವಷ್ಟರಲ್ಲಿ ಬಾಗಿಲಿಗೆ ತೂಗುಹಾಕಿದ ಚೀಲದಲ್ಲಿ ಹಾಲು. ಸುಳ್ಳೇಕೆ ಹೇಳಲಿ, ಆ ರುಚಿಗಾಗಿ ನಾನೇನೂ ಕೊರಗುವುದಿಲ್ಲ. ಕೊರಗುವುದು ಬೇರೆಯದಕ್ಕೆ. ಮೊನ್ನೆ ಬೇಗ ಎಚ್ಚರವಾಗಿ ಬಂದು ನೋಡಿದರೆ ಅವ್ವ ಬಾಗಿಲು ತೆರೆದುಕೊಂಡು, ತುಂಬಿದ ಚೀಲ ಹಿಡಿದು, ಲಿಫ್ಟಿನ ಕಡೆ ನೋಡುತ್ತ ನಿಂತಿದ್ದಳು.

"ಇವತ್ತೂ ಸಿಗಲಿಲ್ಲ" ಎಂದಳು.

"ಯಾರವ್ವಾ?"

"ಹಾಲು ಹಾಕಾವ್ರು. ಒಂದು ಮಾತಾಡೂಣಂದ್ರ ಸಿಗವಲ್ರು ನೋಡವಾ."