ಸತ್ತವರ ಮನೆಯಲ್ಲಿ ಒಂದು

ಕೃಷ್ಣರಾಜನಗರದ ಹತ್ತಿರ ನಾನು ಗುಮಾಸ್ತನಾಗಿದ್ದ ಕಾರ್ಖಾನೆಯಲ್ಲಿ, ಪತ್ರಿಕೆಗಳಿಗೆ ಸುದ್ದಿ ಕಳಿಸುವುದೂ ಷೇರುದಾರರ ವಾರ್ಷಿಕ ವರದಿ ಬರೆಯುವುದೂ ಒಬ್ಬ ಮೇಡಂ ಅವರ ಕೆಲಸವಾಗಿತ್ತು. ವರದಿಯನ್ನು ಕಂಪ್ಯೂಟರುಗಳೇ ಓದಿಕೊಳ್ಳುವಂತೆ ಒಂದೊಂದು ಅಂಕಿಯನ್ನೂ ಅದರದರ ಚೌಕದ ಮನೆಯಲ್ಲಿ ತುಂಬಿ ಕಳಿಸಬೇಕಿತ್ತು. ಅವರು ಕನ್ನಡಕವನ್ನು ಹಣೆಗೇರಿಸಿ, ಪರದೆಯ ಮೇಲಿನ ಪ್ರತಿ ಮನೆಯನ್ನೂ ಪೆನ್ಸಿಲ್ ತುದಿಯಿಂದ ಮುಟ್ಟಿ ನೋಡುತ್ತಿದ್ದರು. "ಸರಿಯಾಗಿ ನೋಡು ಕಣೋ, ಓದೋ ಮೆಷಿನ್ನಿಗೆ ಅನುಮಾನ ಬರಲ್ಲ," ಎಂದು ದಿನವೂ ನನಗೆ ಹೇಳುತ್ತಿದ್ದರು.

ಆ ವರ್ಷ ಬಾಯ್ಲರ್ ಬಳಿ ಬೆಟ್ಟದಪುರದ ಕಡೆಯ ಗುತ್ತಿಗೆ ಕಾರ್ಮಿಕನೊಬ್ಬ ಸತ್ತಿದ್ದ. ಕೆಲಸದಲ್ಲಿ ಸತ್ತವರ ಸಂಖ್ಯೆ ತುಂಬುವ ಮನೆ ಬಂದಾಗ ಮ್ಯಾನೇಜರು, "ಗುತ್ತಿಗೆಯವನು ನಮ್ಮೋನಲ್ಲ, ಸೊನ್ನೆ ಹಾಕ್ಬುಡಿ," ಎಂದರು.

"ಗುತ್ತಿಗೆಯವ್ರನ್ನೂ ಸೇರಿಸ್ಬೇಕು ಅಂತ ಇಲ್ಲೇ ಐತೆ ಕಣ್ರೀ. ಸೊನ್ನೆ ಹಾಕಿದ್ರೆ ಯಾರೂ ಸತ್ತೇ ಇಲ್ಲ ಅಂತ ಓದ್ಕೊಳ್ತದೆ. ನಾನು ಹಾಕಲ್ಲ," ಎಂದ ಮೇಡಂ, ಒಂದು ಎಂದು ಒತ್ತಿ ಕಳಿಸಿಯೇಬಿಟ್ಟರು. ಮರುವಾರ ಅವರನ್ನು ಉಗ್ರಾಣಕ್ಕೆ ವರ್ಗ ಮಾಡಿದರು.

ಕೆಲವು ತಿಂಗಳ ಮೇಲೆ ನಾನು ಉಗ್ರಾಣಕ್ಕೆ ಹೋಗಿದ್ದಾಗ ಸತ್ತವನ ಹೆಂಡತಿ ಅಲ್ಲಿಗೆ ಬಂದಳು. "ನಮ್ಮೆಜಮಾನ್ರುದ್ದು ಬರ್ದಿದ್ದೀರಂತೆ, ತೋರ್ಸಿ ಅವ್ವ," ಎಂದಳು. ಮೇಡಂ ವರದಿ ತೆಗೆದು ತೋರಿಸಿದರು. ಅವಳು ಅಂಕಿಯ ಮೇಲೆ ಬೆರಳಿಟ್ಟು, "ಎಸ್ರು ಎಲ್ಲೈತೆ?" ಎಂದು ಕೇಳಿದಳು.

"ಹೆಸರಿಗೆ ಜಾಗ ಇಟ್ಟಿಲ್ಲ ಕಣಮ್ಮ. ಏನವನ ಹೆಸರು?"

ಗಂಡನ ಹೆಸರು ಹೇಳುವ ರೂಢಿ ಅವಳ ಮನೆಯಲ್ಲಿರಲಿಲ್ಲ. ಆದರೂ ಸೆರಗು ಹಿಡಿದು ಅದನ್ನು ಗಟ್ಟಿಯಾಗಿ ಹೇಳಿದಳು. ಮೇಡಂ ಎದ್ದು ನಿಂತು ಕೇಳಿಸಿಕೊಂಡರು.