ಹನ್ನೆರಡನೆಯ ಕುರ್ಚಿ

ಬೆಳಗಿನಿಂದ ಬಚ್ಚಲಲ್ಲಿ ಮೊಮ್ಮಗಳು ಲೀನಾ ಹಿಮ್ಮಡಿ ತಿಕ್ಕುತ್ತಿದ್ದಾಳೆ. ಕರಕರ ಸದ್ದು, ಮನೆತುಂಬ ಗಂಧದ ಸಾಬೂನಿನ ವಾಸನೆ. ಇವತ್ತು ಪವಿತ್ರ ಗುರುವಾರ. ಯೇಸುಸ್ವಾಮಿ ಸಾಯುವ ಹಿಂದಿನ ದಿನ ಊಟದ ನಡುವೆ ಎದ್ದು ಹನ್ನೆರಡು ಮಂದಿ ಶಿಷ್ಯರ ಕಾಲು ತೊಳೆದರಲ್ಲ, ಅದರ ನೆನಪಿಗೆ ಸಂಜೆ ದಾಂಡೇಲಿಯ ನಮ್ಮ ಇಗರ್ಜಿಯಲ್ಲಿ ಫಾದರ್ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಅದರಲ್ಲಿ ನನ್ನ ಮೊಮ್ಮಗಳೂ ಒಬ್ಬಳು! ನಮ್ಮ ಕಾಲದಲ್ಲಿ ಹೆಂಗಸರನ್ನು ಆ ಕುರ್ಚಿಗಳ ಧೂಳು ಒರೆಸಲು ಮಾತ್ರ ಕರೆಯುತ್ತಿದ್ದರು. ಖುಷಿಯಲ್ಲಿ ನಾನು ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದೆ, ಕುಡಿದೂ ಬಿಟ್ಟೆ.

ಆ ಸಾಬೂನಿನ ವಾಸನೆ ನನ್ನನ್ನು ಊರಿನ ಕಾಗದದ ಗಿರಣಿ ಇನ್ನೂ ಹೊಸದಾಗಿದ್ದ ದಿನಗಳಿಗೆ ಎಳೆದುಕೊಂಡು ಹೋಯಿತು ನೋಡಿ. ನಮ್ಮ ಮದುವೆಯಾಗಿ ವರ್ಷವಾಗಿರಲಿಲ್ಲ, ನಾನು ಬಸುರಿ. ಈ ಕಾಲು ತೊಳೆಯುವ ಪದ್ಧತಿ ನಮ್ಮ ಇಗರ್ಜಿಗೆ ಬಂದದ್ದು ಆಗಲೇ. ಹೆಸರು ಕೊಟ್ಟ ಗಂಡಸರು ಬೆಳಗಿನಿಂದಲೇ ನಲ್ಲಿಯ ಹತ್ತಿರ ಸಾಲುಗಟ್ಟಿ ಕಾಲು ಉಜ್ಜಿದ್ದೇ ಉಜ್ಜಿದ್ದು. ನೆರೆಮನೆಯ ಹುಸೇನಬಿ ಕೊಡ ಹಿಡಿದು ಕಾದು ಕಾದು ಸಾಕಾಗಿ, "ಅಕ್ಕಾ, ತೊಳಕೊಂಡ ಕಾಲು ತೊಳ್ಯಾಕ ನಿಮ್ಮ ಗುರುಗಳು ಯಾಕ ಬೇಕ?" ಎಂದಳು. ಅಂಥ ಉಪದೇಶ ನಾನು ಯಾವ ಪೀಠದಿಂದಲೂ ಕೇಳಿಲ್ಲ.

ಸಂಜೆ ಇಗರ್ಜಿಯಲ್ಲಿ ಕುರ್ಚಿಗಾಗಿ ಜಗಳ ಶುರುವಾಯಿತು. ಮೊದಲ ಕುರ್ಚಿ ಶಿಷ್ಯರಲ್ಲಿ ಮುಂದಾಳು ಪೇತ್ರನದಂತೆ. ಜೋಯಿಡಾ ಕಡೆಯ ಕಟ್ಟಿಗೆ ಗುತ್ತಿಗೆದಾರ ಬಸ್ತ್ಯಾಂವ ಅದರಲ್ಲಿ ಬೇರು ಬಿಟ್ಟವನಂತೆ ಕುಳಿತ. ಅದೇ ಪೇತ್ರ ಸ್ವಾಮಿಯನ್ನು ಹಿಡಿದೊಯ್ದ ರಾತ್ರಿ ಕೋಳಿ ಕೂಗುವುದರೊಳಗೆ ಮೂರು ಸಲ "ಅವ ಯಾರೋ ನನಗ ಗೊತ್ತಿಲ್ಲ" ಅಂದವನು. ಅದು ಯಾರಿಗೂ ನೆನಪಾಗಲಿಲ್ಲ. ಕಡೆಯ ಕುರ್ಚಿ ಸ್ವಾಮಿಯನ್ನು ಹಿಡಿದುಕೊಟ್ಟ ಯೂದನದು ಎಂದು ಯಾರೋ ಪಿಸುಗುಟ್ಟಿದ್ದೇ ತಡ, ಅಲ್ಲಿ ಕೂರಬೇಕಾದವನಿಗೆ ಹೊಟ್ಟೆನೋವು ಬಂತು. ಫಾದರ್ ಕೈಯಲ್ಲಿ ತಂಬಿಗೆ, ಎದುರಿಗೆ ಖಾಲಿ ಕುರ್ಚಿ.

ನಮ್ಮ ಮನೆಯವರು ಬಿದಿರಿನ ಡಿಪೋದಲ್ಲಿ ಹೊರೆ ಇಳಿಸಿ ನೇರವಾಗಿ ಬಂದು ಬಾಗಿಲಲ್ಲಿ ನನ್ನ ಪಕ್ಕ ನಿಂತಿದ್ದರು. ಒಡೆದ ಹಿಮ್ಮಡಿ, ಮೊಣಕಾಲ ತನಕ ಕೆಸರು. ಅವರು ಒಂದು ಹೆಜ್ಜೆ ಮುಂದಿಟ್ಟರು. ನಾನು ಅಂಗಿ ಹಿಡಿದೆಳೆದೆ. "ಬ್ಯಾಡ್ರಿ! ಹುಟ್ಟೋ ಕೂಸಿಗೆ ಸಾಯೂತನಕ ಯೂದನ ಮಗ ಅಂತಾರ!"

"ಕಾಲು ನೋಯಾಕತ್ತಾವ, ಕುರ್ಚಿ ಖಾಲಿ ಐತಿ," ಎಂದು ಹೋಗಿ ಕುಳಿತೇಬಿಟ್ಟರು.

ಅಲ್ಲಿಯವರೆಗೆ ಹರಿವಾಣಕ್ಕೆ ಬಿದ್ದ ನೀರು ಕುಡಿಯಬಹುದಾದಷ್ಟು ತಿಳಿ. ಇವರ ಕಾಲಿಗೆ ಸುರಿದದ್ದೇ ಮಳೆಗಾಲದ ಕಾಳಿ ಹೊಳೆ! ಫಾದರ್ ಇನ್ನೊಂದು ತಂಬಿಗೆ ನೀರು ತರಿಸಿದರು, ಬೆರಳ ಸಂದಿಯಲ್ಲೆಲ್ಲ ಉಜ್ಜಿದರು. ಬಸ್ತ್ಯಾಂವನಿಗೆ ತಡೆಯಲಾಗಲಿಲ್ಲ. "ಫಾದರ್, ಆ ಕುರ್ಚಿ ಯಾರದಂತ ಗೊತ್ತೈತಲ್ರಿ?"

ಫಾದರ್ ತಲೆಯೆತ್ತಲಿಲ್ಲ. "ಗೊತ್ತೈತಿ. ಸ್ವಾಮಿಗೂ ಗೊತ್ತಿತ್ತು. ಆದ್ರೂ ತೊಳದ್ರು," ಎಂದು ಬಾಗಿ ಆ ಒಡಕು ಪಾದಕ್ಕೆ ಮುತ್ತಿಟ್ಟರು.

ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಶಿಲುಬೆಯ ಅರ್ಥ ನನಗೆ ತಿಳಿದಿರುವುದು ಅಷ್ಟೇ: ಹಿಡಿದುಕೊಡುವವನನ್ನೂ ಸ್ವಾಮಿ ಎಬ್ಬಿಸಿ ಕಳಿಸಲಿಲ್ಲ.

ನಾನು ಹೆದರಿದಂತೆಯೇ ಜನ ಅಂದರು. ತೊಟ್ಟಿಲ ಶಾಸ್ತ್ರದಲ್ಲೇ ಅಂದರು. ಇವರು ನಕ್ಕು, "ಪೇತ್ರನ ಮಗ ಆಗಿದ್ರ ಕೋಳಿ ಕೂಗಿದಾಗೊಮ್ಮೆ ನಾಚಬೇಕಾಗಿತ್ತು," ಎಂದು ಕೂಸನ್ನೆತ್ತಿ ಬಸ್ತ್ಯಾಂವನ ತೊಡೆಯ ಮೇಲೆಯೇ ಇಟ್ಟರು. ಆ ಕೂಸೇ ಲೀನಾಳ ಅಪ್ಪ.

ಈಗ ಬಚ್ಚಲಿನಿಂದ ಕೂಗು ಬಂತು: "ಅಜ್ಜೀ, ಕಡೀ ಕುರ್ಚಿ ಇವತ್ತಿಗೂ ಯಾರೂ ಒಲ್ಲೆ ಅಂತಾರಂತ! ನಾನ ಕುಂದರ್ತೇನಿ ಅಂದೇನಿ."

ನಾನು ಎದ್ದು ಹೋಗಿ ಅವಳ ಕೈಯಿಂದ ತಿಕ್ಕುವ ಕಲ್ಲು ಕಸಿದುಕೊಂಡೆ. "ಸಾಕು, ಫಾದರಿಗೂ ಒಂಚೂರು ಕೆಲಸ ಉಳಸು."

ಅವಳು ನನ್ನ ಪಾದ ನೋಡಿ ಕಿಸಕ್ಕನೆ ನಕ್ಕಳು. ಕೋಳಿ ಕೂಗುವ ಮೊದಲೇ ಎದ್ದು ನಾನೂ ತಿಕ್ಕಿ, ಎಣ್ಣೆ ಹಚ್ಚಿ ಇಟ್ಟುಕೊಂಡಿದ್ದೆ. ಒಬ್ಬರು ಕಡಿಮೆ ಬಿದ್ದರೆ ಯಾವ ಕುರ್ಚಿಯಾದರೂ ಸರಿ ಎಂದು.